ಮಗು ‘ಬೇಡ’ ಅಂದಾಗ

1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಅಂಟಿಕೊಂಡಿರುವ ಮರಿನ್ ಕೌಂಟಿಯಲ್ಲಿ, ಜುಡಿತ್ ವಾಲರ್‌ಸ್ಟೈನ್ ಮತ್ತು ಜೋನ್ ಕೆಲ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ವಿಚ್ಛೇದನದ ಹಾದಿ ಹಿಡಿದಿದ್ದ 60 ಕುಟುಂಬಗಳನ್ನು ಮಾತನಾಡಿಸತೊಡಗಿದರು. ಆ ಮನೆಗಳಲ್ಲಿ ಒಟ್ಟು 131 ಮಕ್ಕಳು. ಸಣ್ಣವರು ರಾತ್ರಿ ಬೆಚ್ಚುತ್ತಿದ್ದರು, ಕೆಲವರು ಅಪ್ಪ ಅಮ್ಮ ಮತ್ತೆ ಒಂದಾಗುತ್ತಾರೆಂದು ಕಾಯುತ್ತಿದ್ದರು. ಇವರ ನಡುವೆ ಬೇರೆಯೇ ಬಗೆಯ ಒಂದು ಗುಂಪು ಕಣ್ಣಿಗೆ ಬಿತ್ತು. ಹೆಚ್ಚಾಗಿ 9ರಿಂದ 12 ವರ್ಷದೊಳಗಿನ ಮಕ್ಕಳು. ಇವರು ಅಳುತ್ತಿರಲಿಲ್ಲ, ಸಿಟ್ಟಾಗಿದ್ದರು. ಹೆತ್ತವರಲ್ಲಿ ಒಬ್ಬರ ಪಕ್ಷ ವಹಿಸಿ, ಇನ್ನೊಬ್ಬರ ಮೇಲೆ ದೊಡ್ಡವರಂತೆಯೇ ಯುದ್ಧ ಹೂಡಿದ್ದರು. ಕೆಲವೇ ತಿಂಗಳ ಹಿಂದೆ ಯಾರ ಹೆಗಲೇರಿ ಕೂರುತ್ತಿದ್ದರೋ ಅವರ ಮುಖ ನೋಡಲೂ ಒಲ್ಲೆ ಎನ್ನುತ್ತಿದ್ದರು.

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ ಓಡಾಡಿದವರಿಗೆ ಈ ಸಿಟ್ಟು ಗೊತ್ತು. “ಮಗು ಬರಲ್ಲ ಅಂತಿದೆ, ನಾನೇನು ಎಳ್ಕೊಂಡು ಬರ್ಲಾ?” ಎಂದು ಒಬ್ಬರು ಹೇಳುತ್ತಾರೆ. “ತಲೆ ತುಂಬಿ ಕಳಿಸಿದ್ದಾರೆ” ಎಂದು ಇನ್ನೊಬ್ಬರು. ಈ ಎರಡು ಮಾತುಗಳ ಮೇಲೆ ವರ್ಷಗಟ್ಟಲೆ ವಾದ ನಡೆಯುತ್ತದೆ. ಎರಡರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಎರಡೂ ಮಾತುಗಳು ಎದುರಾಳಿಯನ್ನು ನೋಡುತ್ತಿವೆ, ಮಗುವನ್ನಲ್ಲ. ಮಗುವಿನ ‘ಬೇಡ’ ತೀರ್ಪೂ ಅಲ್ಲ, ಕಾಯಿಲೆಯೂ ಅಲ್ಲ. ನಿಲ್ಲಲಾಗದ ಒಂದು ಜಾಗದಲ್ಲಿ ತನ್ನನ್ನು ನಿಲ್ಲಿಸಿದಾಗ ಮಗು ತಾನಾಗಿ ಹುಡುಕಿಕೊಂಡ ಹೊರದಾರಿ ಅದು. ಆ ಜಾಗ ಯಾಕೆ ಅಷ್ಟು ಕಷ್ಟದ್ದು ಎಂಬುದನ್ನು ಮನೋವಿಜ್ಞಾನ ಬಹಳ ಚೆನ್ನಾಗಿ ವಿವರಿಸಬಲ್ಲದು.

ಆಸ್ಟ್ರಿಯಾ ಮೂಲದ ಮನೋವಿಜ್ಞಾನಿ ಫ್ರಿಟ್ಜ್ ಹೈಡರ್ 1946ರಲ್ಲಿ ಮುಂದಿಟ್ಟ ಒಂದು ಸರಳ ವಿಚಾರದಿಂದ ಶುರು ಮಾಡೋಣ. ಒಂದು ತ್ರಿಕೋನ ಬರೆಯಿರಿ. ಮೂರು ಮೂಲೆಗಳಲ್ಲಿ ಅಪ್ಪ, ಅಮ್ಮ, ಮಗು. ಇಬ್ಬರ ನಡುವೆ ಒಲವಿದ್ದರೆ ಆ ಗೆರೆಯ ಮೇಲೆ ಕೂಡುವ ಚಿಹ್ನೆ, ಹಗೆಯಿದ್ದರೆ ಕಳೆಯುವ ಚಿಹ್ನೆ. ಮೂರೂ ಚಿಹ್ನೆಗಳನ್ನು ಗುಣಿಸಿದಾಗ ಧನ ಬಂದರೆ ಆ ಸಂಬಂಧದಲ್ಲಿ ಸಮತೋಲವಿದೆ, ಮನಸ್ಸು ಅದರೊಳಗೆ ಆರಾಮಾಗಿ ಇರಬಲ್ಲದು. ಋಣ ಬಂದರೆ ಒಳಗೆ ಒಂದು ಎಳೆದಾಟ ಶುರುವಾಗುತ್ತದೆ, ಅದನ್ನು ಹೇಗಾದರೂ ಸರಿಮಾಡಿಕೊಳ್ಳಲು ಮನಸ್ಸು ಹವಣಿಸುತ್ತದೆ. ಮೂವರೂ ಅನ್ಯೋನ್ಯವಾಗಿದ್ದಾಗ ತೊಂದರೆಯಿಲ್ಲ. ಅಪ್ಪ ಅಮ್ಮನ ನಡುವಿನ ಗೆರೆ ಋಣವಾದ ಕ್ಷಣ ಗುಣಲಬ್ಧವೂ ಋಣ. ಮಗು ಇಬ್ಬರನ್ನೂ ಪ್ರೀತಿಸುತ್ತಿದೆ, ಅವರಿಬ್ಬರೂ ಪರಸ್ಪರ ದ್ವೇಷಿಸುತ್ತಿದ್ದಾರೆ.

ಮಗು ಮೊದಲು ಹಿರಿಯರ ಗೆರೆಯನ್ನೇ ಸರಿಪಡಿಸಲು ನೋಡುತ್ತದೆ. ಜ್ವರ ಬರಿಸಿಕೊಳ್ಳುತ್ತದೆ, ಇಬ್ಬರನ್ನೂ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಯುತ್ತದೆ, ದೇವರಿಗೆ ಹರಕೆ ಹೊರುತ್ತದೆ. ಆಗುವುದಿಲ್ಲ. ಉಳಿದದ್ದು ತನ್ನ ಕೈಯಲ್ಲಿರುವ ಎರಡು ಗೆರೆ ಮಾತ್ರ. ಅದರಲ್ಲೊಂದನ್ನು ಋಣ ಮಾಡಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಎದೆಯೊಳಗಿನ ಎಳೆದಾಟ ಥಟ್ಟನೆ ನಿಲ್ಲುತ್ತದೆ. ಯಾವ ಗೆರೆ? ಊಟ, ಸ್ಕೂಲು, ರಾತ್ರಿಯ ಜ್ವರ ಎಲ್ಲವೂ ಯಾರನ್ನು ನಂಬಿಕೊಂಡಿದೆಯೋ ಅವರನ್ನು ಕಳೆದುಕೊಳ್ಳುವ ಧೈರ್ಯ ಯಾವ ಮಗುವಿಗೂ ಇಲ್ಲ. ಒಬ್ಬರು ಮನೆ ಬಿಟ್ಟು ಹೋದದ್ದನ್ನು ಅದು ಈಗಾಗಲೇ ಕಂಡಿದೆ. ಹಾಗಾಗಿ ಬಹಳಷ್ಟು ಸಲ ಕಡಿದುಹೋಗುವುದು ಮನೆಯಲ್ಲಿ ಇಲ್ಲದವರ ಗೆರೆ.

ಒಂಬತ್ತರ ಆಸುಪಾಸಿನಲ್ಲೇ ಇದು ಯಾಕೆ ತೀವ್ರವಾಗುತ್ತದೆ ಎಂಬುದಕ್ಕೂ ಕಾರಣವಿದೆ. ನಾಲ್ಕೈದು ವರ್ಷದ ಮಗು ಅಮ್ಮನ ಮನೆಯಲ್ಲಿ ಅಮ್ಮನ ಮಾತನ್ನೂ ಅಪ್ಪನ ಮನೆಯಲ್ಲಿ ಅಪ್ಪನ ಮಾತನ್ನೂ ನಂಬುತ್ತದೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದಿಲ್ಲ. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಎರಡೂ ಕಥೆಗಳು ತಲೆಯಲ್ಲಿ ಒಟ್ಟಿಗೇ ನಿಲ್ಲುತ್ತವೆ, ಹೋಲಿಸದೆ ಇರಲು ಆಗುವುದಿಲ್ಲ. ಸರಿ ತಪ್ಪುಗಳ ವಿಷಯದಲ್ಲಿ ಆ ವಯಸ್ಸು ತುಂಬಾ ನಿಷ್ಠುರ. ಯಾರಾದರೂ ಒಬ್ಬರು ತಪ್ಪಿತಸ್ಥರಾಗಲೇಬೇಕು.

ಈ ನಡುವೆ ಸಿಕ್ಕಿಬಿದ್ದ ಸ್ಥಿತಿಯನ್ನು 1991ರಲ್ಲಿ ಕ್ರಿಸ್ಟಿ ಬುಕ್ಯಾನನ್, ಎಲೀನರ್ ಮ್ಯಾಕಬಿ ಮತ್ತು ಸ್ಯಾನ್‌ಫರ್ಡ್ ಡಾರ್ನ್‌ಬುಷ್ ಅಳೆದು ನೋಡಿದರು. ಹೆತ್ತವರು ಬೇರೆಯಾಗಿ ಸುಮಾರು ನಾಲ್ಕೂವರೆ ವರ್ಷವಾಗಿದ್ದ, 10ರಿಂದ 18 ವರ್ಷದ 522 ಮಕ್ಕಳನ್ನು ಅವರು ಮಾತನಾಡಿಸಿದ್ದರು. ಅಪ್ಪ ಅಮ್ಮನ ಹಗೆತನ ಹೆಚ್ಚಿದ್ದಲ್ಲಿ, ಸಹಕಾರ ಕಡಿಮೆಯಿದ್ದಲ್ಲಿ ‘ನಾನು ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ’ ಎಂಬ ಭಾವ ಹೆಚ್ಚು, ಆ ಭಾವ ಹೆಚ್ಚಿದ್ದ ಮಕ್ಕಳಲ್ಲಿ ಖಿನ್ನತೆಯೂ ಹೆಚ್ಚು. ಇಬ್ಬರೊಂದಿಗೂ ಆತ್ಮೀಯತೆ ಉಳಿಸಿಕೊಂಡಿದ್ದ ಮಕ್ಕಳಲ್ಲಿ ಅದು ಕಡಿಮೆ. ಮಗುವಿಗೆ ನೋವಾಗುವುದು ಎರಡು ಮನೆ ಇರುವುದರಿಂದಲ್ಲ, ಒಂದು ಮನೆಗೆ ಹೋಗಲು ಇನ್ನೊಂದು ಮನೆಗೆ ದ್ರೋಹ ಬಗೆಯಬೇಕಾಗುವುದರಿಂದ.

ಇನ್ನು ‘ತಲೆ ತುಂಬುವ’ ವಿಚಾರ. ಇದು ಕಲ್ಪನೆಯಲ್ಲ. ಮಿಶೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನ್ನನ್ನು ಇಂದಿಗೂ ಕಾಡುತ್ತದೆ. 3ರಿಂದ 6 ವರ್ಷದ ಮಕ್ಕಳಿದ್ದ ಶಿಶುವಿಹಾರಕ್ಕೆ ಸ್ಯಾಮ್ ಸ್ಟೋನ್ ಎಂಬಾತ ಬಂದು, ಎರಡು ನಿಮಿಷ ಇದ್ದು, ನಗುತ್ತಾ ಹೊರಟುಹೋಗುತ್ತಾನೆ. ಏನನ್ನೂ ಮುಟ್ಟುವುದಿಲ್ಲ. ಆದರೆ ಕೆಲವು ಮಕ್ಕಳಿಗೆ ಅವನು ಬರುವ ಮೊದಲೇ ವಾರಗಟ್ಟಲೆ ಕಥೆ ಹೇಳಲಾಗಿತ್ತು: ಸ್ಯಾಮ್ ಒಳ್ಳೆಯವನೇ, ಆದರೆ ಪೆದ್ದ, ಮುಟ್ಟಿದ್ದನ್ನೆಲ್ಲ ಮುರಿಯುತ್ತಾನೆ. ಅವನು ಹೋದ ಮೇಲೆ ಹರಿದ ಪುಸ್ತಕವೊಂದನ್ನೂ ಕೊಳೆಯಾದ ಕರಡಿ ಗೊಂಬೆಯನ್ನೂ ತೋರಿಸಿ, ಮುಂದಿನ ವಾರಗಳಲ್ಲಿ “ಸ್ಯಾಮ್ ಪುಸ್ತಕ ಹರಿದದ್ದು ಸಿಟ್ಟಿನಿಂದಲೋ, ಕೈತಪ್ಪಿಯೋ?” ಎಂಬಂಥ ಪ್ರಶ್ನೆ ಕೇಳಲಾಯಿತು. ಕೊನೆಗೆ ಹೊಸಬರೊಬ್ಬರು ಬಂದು ವಿಚಾರಿಸಿದಾಗ, ಕಥೆಯನ್ನೂ ಕೇಳಿ ಪ್ರಶ್ನೆಗಳನ್ನೂ ಎದುರಿಸಿದ್ದ ಅತಿ ಚಿಕ್ಕ ಮಕ್ಕಳಲ್ಲಿ ಶೇ. 72ರಷ್ಟು ಮಂದಿ ಸ್ಯಾಮ್ ಹಾಳು ಮಾಡಿದ ಎಂದರು. ಶೇ. 44ರಷ್ಟು ಮಕ್ಕಳು ‘ನಾನೇ ಕಣ್ಣಾರೆ ನೋಡಿದೆ’ ಎಂದರು. ಮೆಲ್ಲಗೆ ಅನುಮಾನ ವ್ಯಕ್ತಪಡಿಸಿದ ಮೇಲೂ ಶೇ. 21ರಷ್ಟು ಮಕ್ಕಳು ಮಾತು ಬದಲಿಸಲಿಲ್ಲ. ಆ ವಿಡಿಯೊಗಳನ್ನು ಮಕ್ಕಳ ಸಾಕ್ಷ್ಯದ ಬಗ್ಗೆ ಕೆಲಸ ಮಾಡುವ ವೃತ್ತಿಪರರಿಗೆ ತೋರಿಸಿದರೆ, ಯಾವ ಮಗು ನಡೆದದ್ದನ್ನು ಹೇಳುತ್ತಿದೆ, ಯಾವುದು ಇಲ್ಲದ್ದನ್ನು ಹೇಳುತ್ತಿದೆ ಎಂದು ಗುರುತಿಸಲು ಹೆಚ್ಚಿನವರಿಗೆ ಆಗಲಿಲ್ಲ.

ಆ ಮಕ್ಕಳು ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅವರ ಮಟ್ಟಿಗೆ ಅದು ನೆನಪೇ. ಇನ್ನೊಂದು ಮಾತೂ ಇದೆ: ಯಾವ ಕಥೆಯನ್ನೂ ಹೇಳದೆ, ದಾರಿ ತಪ್ಪಿಸುವ ಪ್ರಶ್ನೆ ಕೇಳದೆ ಬಿಟ್ಟಿದ್ದ ಗುಂಪಿನ ಮಕ್ಕಳು ಬಹುಮಟ್ಟಿಗೆ ನಿಜವನ್ನೇ ಹೇಳಿದರು. ಮಕ್ಕಳ ಮಾತನ್ನು ನಂಬಲಾಗದು ಎಂದು ಈ ಪ್ರಯೋಗದಿಂದ ತೀರ್ಮಾನಿಸುವವರು ಅದರ ಅರ್ಧವನ್ನಷ್ಟೇ ಓದಿದ್ದಾರೆ.

ಈ ಇಡೀ ವಿದ್ಯಮಾನಕ್ಕೆ 1985ರಲ್ಲಿ ಹೆಸರಿಟ್ಟವರು ರಿಚರ್ಡ್ ಗಾರ್ಡ್ನರ್ ಎಂಬ ಅಮೆರಿಕದ ಮಕ್ಕಳ ಮನೋವೈದ್ಯ. ಅವರು ಅದನ್ನು ‘ಪೇರೆಂಟಲ್ ಏಲಿಯನೇಶನ್ ಸಿಂಡ್ರೋಮ್’ ಎಂದು ಕರೆದು ಎಂಟು ಲಕ್ಷಣಗಳನ್ನು ಪಟ್ಟಿ ಮಾಡಿದರು. ಕಣ್ಣಿಗೆ ಕಂಡದ್ದನ್ನು ಅವರು ಚೆನ್ನಾಗಿಯೇ ದಾಖಲಿಸಿದ್ದರು. ದ್ವೇಷಕ್ಕೆ ಕೊಡುವ ಕಾರಣ ಪೇಲವವಾಗಿರುವುದು, ದೊಡ್ಡವರ ಮಾತುಗಳೇ ಮಗುವಿನ ಬಾಯಲ್ಲಿ ಬರುವುದು, ಕೇಳದಿದ್ದರೂ ‘ಇದು ನನ್ನದೇ ಅಭಿಪ್ರಾಯ, ಯಾರೂ ಹೇಳಿಕೊಟ್ಟಿಲ್ಲ’ ಎನ್ನುವುದು, ಹಗೆ ಆ ಕಡೆಯ ಅಜ್ಜ ಅಜ್ಜಿ ಸೋದರತ್ತೆಯರವರೆಗೂ ಹಬ್ಬುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಇಬ್ಬಂದಿತನವೇ ಇಲ್ಲದಿರುವುದು. ಸಾಮಾನ್ಯ ಮಗು ಅಪ್ಪನನ್ನು ಬೈಯುತ್ತಲೇ ಅಪ್ಪನ ಬೈಕಿನ ಬಗ್ಗೆ ಹೆಮ್ಮೆಪಡುತ್ತದೆ. ಇಲ್ಲಿ ಒಬ್ಬರು ಪೂರ್ತಿ ಒಳ್ಳೆಯವರು, ಇನ್ನೊಬ್ಬರು ಪೂರ್ತಿ ಕೆಟ್ಟವರು. ಗಾರ್ಡ್ನರ್ ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಮೂವರ ನಡುವೆ ನಡೆಯುವ ಒಂದು ಸಂಗತಿಯನ್ನು ಮಗುವಿನ ಒಳಗಿನ ಕಾಯಿಲೆಯನ್ನಾಗಿಸಿ, ಲಕ್ಷಣ ಕಂಡರೆ ಸಾಕು, ಮಾಡಿದವರು ಮನೆಯಲ್ಲಿರುವವರೇ ಎಂಬ ತೀರ್ಮಾನಕ್ಕೆ ದಾರಿ ಮಾಡಿಕೊಟ್ಟರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಪಟ್ಟಿಯ ಐದನೇ ಆವೃತ್ತಿಯಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹನ್ನೊಂದನೇ ರೋಗ ವರ್ಗೀಕರಣದ ಸೂಚಿಯಲ್ಲಿ ಸೇರಿಸಿದ್ದ ‘ಪೇರೆಂಟಲ್ ಏಲಿಯನೇಶನ್’ ಎಂಬ ಪದವನ್ನು 2020ರಲ್ಲಿ ತೆಗೆದುಹಾಕಿತು.

2001ರಲ್ಲಿ ಜೋನ್ ಕೆಲ್ಲಿ, ಅದೇ ಮರಿನ್ ಅಧ್ಯಯನದ ಕೆಲ್ಲಿ, ಜಾನೆಟ್ ಜಾನ್‌ಸ್ಟನ್ ಜೊತೆ ಸೇರಿ ಇದನ್ನು ಬೇರೆ ರೀತಿಯಲ್ಲಿ ನೋಡಿದರು. ಮಗುವಿನಿಂದ ಶುರು ಮಾಡಿ, ಅದು ಯಾಕೆ ಒಲ್ಲೆ ಎನ್ನುತ್ತಿದೆ ಎಂದು ಕೇಳಿ ಎಂಬುದು ಅವರ ವಾದ. ಒಬ್ಬರ ಕಡೆ ಸಹಜ ಒಲವು ಇರಬಹುದು. ವಿಚ್ಛೇದನಕ್ಕೆ ಕಾರಣರೆಂದು ಮಗು ಭಾವಿಸಿದವರ ಮೇಲೆ ಮುನಿಸಿರಬಹುದು. ಹೊಡೆತ, ಕುಡಿತ, ಅಮ್ಮನ ಮೇಲಿನ ದೌರ್ಜನ್ಯವನ್ನು ಕಂಡು ಹುಟ್ಟಿದ ನ್ಯಾಯವಾದ ಭಯ ಇರಬಹುದು. ಇವಾವುದೂ ಅಲ್ಲದೆ, ಅನುಭವಕ್ಕೆ ಹೊಂದದಷ್ಟು ವಿಪರೀತದ ತಿರಸ್ಕಾರವಿದ್ದಾಗ ಮಾತ್ರ ಅದು ಪರಕೀಯತೆ, ಅಂದರೆ ಏಲಿಯನೇಶನ್. ಅಲ್ಲೂ ಕಾರಣ ಒಂದೇ ಅಲ್ಲ: ಒಬ್ಬರ ವಿಷಪ್ರಚಾರ, ಇನ್ನೊಬ್ಬರ ಒರಟುತನ ಇಲ್ಲವೇ ಮುನಿದು ದೂರ ಸರಿಯುವ ಸ್ವಭಾವ, ಮಗುವಿನ ಅಂಜುಬುರುಕುತನ, ವರ್ಷಗಟ್ಟಲೆ ಎಳೆಯುವ ಕೋರ್ಟು, ಎಲ್ಲವೂ ಸೇರಿರುತ್ತವೆ.

ನ್ಯಾಯವಾದ ಭಯವನ್ನು ಪರಕೀಯತೆ ಎಂದು ಕರೆದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದೌರ್ಜನ್ಯದಿಂದ ತಪ್ಪಿಸಿಕೊಂಡ ಮಗುವನ್ನು ನ್ಯಾಯಾಲಯವೇ ಮತ್ತೆ ಅದೇ ಮನೆಗೆ ಕಳಿಸಿದಂತಾಗುತ್ತದೆ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಜೋನ್ ಮೈಯರ್ ತಂಡ 2019ರಲ್ಲಿ ಅಲ್ಲಿನ ತೀರ್ಪುಗಳನ್ನು ವಿಶ್ಲೇಷಿಸಿ, ತಂದೆ ‘ಮಗುವನ್ನು ದೂರ ಮಾಡಿದ್ದಾರೆ’ ಎಂದು ಪ್ರತಿವಾದ ಹೂಡಿದಾಗ ತಾಯಿಯ ದೌರ್ಜನ್ಯದ ದೂರನ್ನು ನ್ಯಾಯಾಲಯಗಳು ನಂಬುವುದು ಬಹಳ ಕಡಿಮೆಯಾಗುತ್ತದೆ ಎಂದಿತು. ಜೆನಿಫರ್ ಹಾರ್ಮನ್ ಮತ್ತಿತರರು 2021ರಲ್ಲಿ ಆ ವಿಧಾನವನ್ನೇ ಪ್ರಶ್ನಿಸಿ, ತಮಗೆ ಅಂಥ ಫಲಿತಾಂಶ ಕಾಣಲಿಲ್ಲ ಎಂದರು. ವಾದ ಮುಗಿದಿಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಲೇಮ್ 2023ರಲ್ಲಿ ಕೌಟುಂಬಿಕ ಪ್ರಕರಣಗಳಲ್ಲಿ ಈ ಪರಿಕಲ್ಪನೆಯ ಬಳಕೆಯನ್ನೇ ನಿಷೇಧಿಸಬೇಕೆಂದು ಕರೆ ಕೊಟ್ಟರು. ನನಗೆ ಹೆಚ್ಚು ವಿವೇಕದ್ದೆನಿಸುವುದು ಇಂಗ್ಲೆಂಡಿನ ಕೌಟುಂಬಿಕ ನ್ಯಾಯ ಮಂಡಳಿ 2024ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗಸೂಚಿ. ಮಗು ನಿಜವಾಗಿಯೂ ನಿರಾಕರಿಸುತ್ತಿದೆಯೇ, ಆ ನಿರಾಕರಣೆಗೆ ತಿರಸ್ಕೃತರ ನಡತೆಯೋ ಮಗುವಿನ ಸಹಜ ಒಲವೋ ಕಾರಣವಲ್ಲವೇ, ಇನ್ನೊಬ್ಬರು ಮಾಡಿದ ನಿರ್ದಿಷ್ಟ ಕೃತ್ಯಗಳಿಂದಲೇ ಅದು ಹುಟ್ಟಿತೇ, ಈ ಮೂರೂ ಸಾಬೀತಾಗಬೇಕು ಎನ್ನುತ್ತದೆ ಅದು. ಎರಡನೇ ಪ್ರಶ್ನೆಯನ್ನು ಹಾರಿಸಿ ಮೂರನೆಯದಕ್ಕೆ ಹೋಗುವಂತಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಕೂಡ ಏಳು ವರ್ಷಗಳಲ್ಲಿ ಇಂಥದೇ ದಾರಿ ಸವೆಸಿದೆ. 2017ರ ಫೆಬ್ರವರಿಯ ಒಂದು ತೀರ್ಪಿನಲ್ಲಿ, ಎಳವೆಯಿಂದಲೂ ತಂದೆಯ ಬಳಿಯಿದ್ದು ತಂದೆಯೇ ಬೇಕು ಎನ್ನುತ್ತಿದ್ದ ಹೆಣ್ಣುಮಗುವಿನ ಪ್ರಕರಣ ಎದುರಾದಾಗ, ಅದು ಈ ಸಿಂಡ್ರೋಮಿನ ವಿಚಾರವನ್ನು ಪ್ರಸ್ತಾಪಿಸಿ ತಾಯಿಯ ಕಡೆ ವಾಲಿತು. ತಾಯಿಯ ಒಡನಾಟವನ್ನೇ ಕಾಣದ ಮಗುವಿನ ಆಯ್ಕೆಯನ್ನು ಪೂರ್ಣ ಆಯ್ಕೆ ಎನ್ನಲಾಗದು ಎಂಬುದು ಅಲ್ಲಿನ ತರ್ಕ. 2024ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ಯಾವ ದಿನ ಯಾವ ನಡತೆ ಮಗುವನ್ನು ದೂರ ಮಾಡಿತು ಎಂಬಂಥ ನಿರ್ದಿಷ್ಟ ನಿದರ್ಶನಗಳಿಲ್ಲದೆ ಈ ಹಣೆಪಟ್ಟಿ ಹಚ್ಚಬಾರದು ಎಂದು ಎಚ್ಚರಿಸಿ, ಮಕ್ಕಳನ್ನು ತಂದೆಯ ಬಳಿಯೇ ಉಳಿಸಿತು. ಇವೆರಡರ ನಡುವೆ, 2020ರ ಜನವರಿಯಲ್ಲಿ, ಅಮೆರಿಕದಿಂದ ಭಾರತಕ್ಕೆ ಕರೆತಂದ ಮಗುವಿನ ಪ್ರಕರಣದಲ್ಲಿ ಅದು ಹೇಳಿದ್ದನ್ನು ಹೊರದೇಶದಲ್ಲಿರುವ ಕನ್ನಡ ಕುಟುಂಬಗಳು ತಿಳಿದಿರಬೇಕು. ಮಗು ಯಾರ ಸುಪರ್ದಿಯಲ್ಲಿ ಇಲ್ಲವೋ ಅವರಿಗೆ ಭೇಟಿಯ ಹಕ್ಕಷ್ಟೇ ಅಲ್ಲ, ಫೋನ್, ವಿಡಿಯೊ ಕರೆಯ ಮೂಲಕ ಸಂಪರ್ಕದ ಹಕ್ಕೂ ಇದೆ. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ನ್ಯೂಜೆರ್ಸಿಯಲ್ಲಿ ಅಪ್ಪ, ಜಯನಗರದಲ್ಲಿ ಮಗು ಎಂದಾದರೆ ಆ ಹತ್ತು ನಿಮಿಷದ ಕರೆಯೇ ಎಷ್ಟೋ ಸಲ ಉಳಿಯುವ ಏಕೈಕ ಎಳೆ.

ಕಾನೂನಿಗೆ ಒಂದು ಮಿತಿಯಿದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಾಗಲಿ, 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯಾಗಲಿ ಮಗುವಿನ ಹಿತವನ್ನೇ ಮುಂದಿಡುತ್ತವೆ, ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಕೇಳಲು ಅವಕಾಶವಿದೆ. ಆದರೆ ವಾಯಿದೆ ಮುಂದಕ್ಕೆ ಹೋದಂತೆ ದೂರವಿರುವುದೇ ದೂರವಿರಲು ಕಾರಣವಾಗುತ್ತದೆ. ಆರು ತಿಂಗಳು ನೋಡದ ಅಮ್ಮನನ್ನು ಏಳನೇ ತಿಂಗಳು ನೋಡಲು ಮಗುವಿಗೆ ನಾಚಿಕೆ, ಅಳುಕು, ತಪ್ಪಿತಸ್ಥ ಭಾವ. ಹಾಗಾಗಿ ಭೇಟಿ ನಿಂತ ಮೊದಲ ವಾರಗಳಲ್ಲೇ, ಸಣ್ಣ ಪ್ರಮಾಣದಲ್ಲಾದರೂ, ಬೇಕಿದ್ದರೆ ಕೌನ್ಸೆಲರ್ ಎದುರಿನಲ್ಲಿ, ಸಂಪರ್ಕ ಮುಂದುವರಿಯುವಂತೆ ಮಧ್ಯಂತರ ಆದೇಶ ಕೇಳುವುದು ಎರಡು ವರ್ಷದ ನಂತರದ ಅಂತಿಮ ಗೆಲುವಿಗಿಂತ ದೊಡ್ಡದು.

ತಿರಸ್ಕೃತರಾದವರಿಗೆ ಮೊದಲ ಕೆಲಸ ಕಷ್ಟದ್ದು. ತನ್ನ ಪಾಲು ಏನಾದರೂ ಇದೆಯೇ ಎಂದು ನೋಡಿಕೊಳ್ಳುವುದು. ಕೂಗಾಡುತ್ತಿದ್ದಿರಾ, ಆಫೀಸಿನಲ್ಲೇ ಉಳಿದಿರಾ, ಮಗುವಿನ ಎದುರು ಕೈಯೆತ್ತಿದ್ದಿರಾ? ಇದ್ದರೆ ಅದನ್ನು ಮಗುವಿನ ಮುಂದೆ ನೇರವಾಗಿ ಒಪ್ಪಿಕೊಳ್ಳಬೇಕು, ನೆಪವಿಲ್ಲದೆ. ಎರಡನೆಯದು, ಮಗು ಆಡುವ ಕಠೋರ ಮಾತಿಗೆ ವಾದ ಹೂಡದಿರುವುದು. “ಇದೆಲ್ಲ ಅಮ್ಮ ಹೇಳಿಕೊಟ್ಟದ್ದು” ಎಂದ ತಕ್ಷಣ ಮಗುವನ್ನು ಸುಳ್ಳುಗಾರ ಎಂದಂತೆಯೂ ಆಯಿತು, ಅಮ್ಮನನ್ನು ಬೈದಂತೆಯೂ ಆಯಿತು. ಸ್ಯಾಮ್ ಸ್ಟೋನ್‌ನನ್ನು ‘ಕಂಡ’ ಮಕ್ಕಳಂತೆ ಈ ಮಗುವೂ ತನ್ನ ಮಟ್ಟಿಗೆ ನಿಜವನ್ನೇ ಹೇಳುತ್ತಿರಬಹುದು. “ನಿನಗೆ ಹಾಗೆ ನೆನಪಿದೆ, ನನಗೆ ಬೇರೆ ಥರ ನೆನಪಿದೆ. ಅದಕ್ಕಾಗಿ ಈಗ ಜಗಳ ಬೇಡ, ದೋಸೆ ತಿನ್ನೋಣ್ವಾ?” ಎನ್ನಬಹುದು. ಮೂರನೆಯದು, ಮಾಯವಾಗದಿರುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಏಮಿ ಬೇಕರ್, ಬಾಲ್ಯದಲ್ಲಿ ಹೀಗೆ ದೂರವಾಗಿ ದೊಡ್ಡವರಾದ 40 ಮಂದಿಯನ್ನು ಸಂದರ್ಶಿಸಿ 2007ರಲ್ಲಿ ಪುಸ್ತಕ ಬರೆದರು. ಇವರೆಲ್ಲ ತಮಗೆ ಹೀಗಾಗಿದೆ ಎಂದು ತಾವೇ ಗುರುತಿಸಿಕೊಂಡು ಬಂದವರು, ಆದ್ದರಿಂದ ಎಲ್ಲ ಮಕ್ಕಳ ಪ್ರತಿನಿಧಿಗಳಲ್ಲ. ಆದರೂ ಅವರು ಹೇಳಿದ ಒಂದು ವಿಷಯ ಮುಖ್ಯ. ಬಾಯಲ್ಲಿ ‘ಬೇಡ’ ಎನ್ನುತ್ತಿದ್ದಾಗಲೂ, ಆ ಮಾತನ್ನು ನಂಬಿ ಅಪ್ಪನೋ ಅಮ್ಮನೋ ಹೊರಟುಹೋಗದಿರಲಿ ಎಂದು ಒಳಗೊಳಗೇ ಬಯಸುತ್ತಿದ್ದರಂತೆ. ಹುಟ್ಟುಹಬ್ಬಕ್ಕೊಂದು ಪತ್ರ, ವಾರಕ್ಕೊಂದು ಸಣ್ಣ ಮೆಸೇಜು, ಉತ್ತರ ಬರಲಿ ಬಿಡಲಿ, ದೂರಿಲ್ಲದೆ, ಕಣ್ಣೀರಿಲ್ಲದೆ. ಆದರೆ ನಿಮ್ಮ ಮೇಲೆ ನ್ಯಾಯಾಲಯದ ನಿರ್ಬಂಧವಿದ್ದರೆ, ಮಗು ನಿಮಗೆ ಹೆದರಲು ನಿಜವಾದ ಕಾರಣವಿದ್ದರೆ, ಇದೇ ಮೆಸೇಜು ಕಿರುಕುಳವಾಗುತ್ತದೆ. ಆಗ ಕೌನ್ಸೆಲರ್ ಮೂಲಕವೇ ಹೋಗಬೇಕು.

ಮಗು ಯಾರ ಮನೆಯಲ್ಲಿದೆಯೋ ಅವರ ಮೇಲೂ ದೊಡ್ಡ ಹೊಣೆಯಿದೆ, ಅವರಲ್ಲಿ ಅನೇಕರು ವಿಷ ಹಾಕುವವರಲ್ಲ, ನೊಂದವರು. “ಹೋಗೋದು ಬಿಡೋದು ನಿನ್ನಿಷ್ಟ” ಎಂಬ ಮಾತು ಉದಾರವಾಗಿ ಕೇಳಿಸುತ್ತದೆ. ಶಾಲೆಗೆ ಹೋಗುವುದು, ಲಸಿಕೆ ಹಾಕಿಸಿಕೊಳ್ಳುವುದು ಮಗುವಿನ ಇಷ್ಟಕ್ಕೆ ಬಿಟ್ಟದ್ದಲ್ಲ ಎಂದ ಮೇಲೆ, ಅಪ್ಪ ಬೇಕೋ ಬೇಡವೋ ಎಂಬ ಅತಿ ಭಾರದ ನಿರ್ಧಾರವನ್ನು ಅದರ ಹೆಗಲಿಗೆ ಹಾಕುವುದು ಹೇಗೆ ಸರಿ? ಹೊರಡುವ ಮುನ್ನ ನಿಮ್ಮ ಮುಖದ ಮೇಲಿನ ಗಾಬರಿಯನ್ನು ಮಗು ಓದುತ್ತದೆ. ಬಂದ ಮೇಲೆ “ಅಲ್ಲಿ ಯಾರ್ಯಾರಿದ್ರು? ಏನಂದ್ರು?” ಎಂಬ ವಿಚಾರಣೆ ನಡೆದರೆ, ಮುಂದಿನ ಸಲ ಹೋಗದಿರುವುದೇ ಸುಲಭ ಎಂದು ಅದಕ್ಕೆ ತಿಳಿಯುತ್ತದೆ. ನಮ್ಮಲ್ಲಿ ಮಗು ಹೆಚ್ಚಾಗಿ ಅಜ್ಜಿ ತಾತನ ಮನೆಯಲ್ಲಿರುತ್ತದೆ. ಅಲ್ಲಿ ಕೇಸು, ಜೀವನಾಂಶ, ವಕೀಲರ ಫೀಸು ಎಲ್ಲವೂ ಹಾಲ್‌ನಲ್ಲಿ ಕೂತು ಫೋನಿನಲ್ಲಿ ಜೋರಾಗಿ ಚರ್ಚೆಯಾಗುತ್ತದೆ. ಹೋಮ್‌ವರ್ಕ್ ಮಾಡುತ್ತಿರುವ ಮಗು ಕೇಳಿಸಿಕೊಳ್ಳುತ್ತಿಲ್ಲ ಎಂದು ದಯವಿಟ್ಟು ಭಾವಿಸಬೇಡಿ. “ಥೇಟ್ ನಿಮ್ಮಪ್ಪನ ಬುದ್ಧಿ” ಎಂಬ ಅಜ್ಜಿಯ ಒಂದು ಮಾತು, ಮಗುವಿನ ಅರ್ಧ ಮೈಯನ್ನೇ ತಪ್ಪಿತಸ್ಥನನ್ನಾಗಿ ಮಾಡುತ್ತದೆ.

ಒಂದು ಸಣ್ಣ ಏರ್ಪಾಡು ಆಶ್ಚರ್ಯಕರವಾಗಿ ಕೆಲಸ ಮಾಡಬಲ್ಲದು. ಮಗುವನ್ನು ಗೇಟಿನ ಬಳಿ ಕೈಬದಲಿಸುವ ಬದಲು ಶಾಲೆಯ ಮೂಲಕ ಬದಲಿಸುವುದು. ಶುಕ್ರವಾರ ಬೆಳಿಗ್ಗೆ ಅಮ್ಮ ಬಿಡುತ್ತಾಳೆ, ಸಂಜೆ ಅಪ್ಪ ಕರೆದೊಯ್ಯುತ್ತಾನೆ. ಇಬ್ಬರೂ ಎದುರುಬದುರಾಗುವ, ಮಗು ಇಬ್ಬರ ಮುಖವನ್ನೂ ಒಟ್ಟಿಗೆ ನೋಡಿ ಒಬ್ಬರಿಗೆ ಬೆನ್ನು ಹಾಕಬೇಕಾದ ಆ ಒಂದು ನಿಮಿಷವೇ ಇಲ್ಲವಾಗುತ್ತದೆ.

ಮರಿನ್ ಕೌಂಟಿಯ ಆ ಸಿಟ್ಟಿನ ಮೈತ್ರಿಗಳಲ್ಲಿ ಹೆಚ್ಚಿನವು ಹದಿಹರೆಯ ಮುಗಿಯುವ ಮುನ್ನವೇ ಕರಗಿದವು ಎಂದು ವಾಲರ್‌ಸ್ಟೈನ್ ಮುಂದೆ ದಾಖಲಿಸಿದರು. ಎಲ್ಲ ಪ್ರಕರಣಗಳೂ ಹಾಗೆ ಮುಗಿಯುವುದಿಲ್ಲ, ಬೇಕರ್ ಮಾತನಾಡಿಸಿದವರು ಅದಕ್ಕೆ ಸಾಕ್ಷಿ. ಕಾಲೇಜು, ಕೆಲಸ, ಮದುವೆ, ಸ್ವಂತ ಮಗು ಇಂಥ ಯಾವುದೋ ತಿರುವಿನಲ್ಲಿ ಫೋನ್ ಬರಬಹುದು. ಆಗ ವರ್ಷಗಳಿಂದ ಜೋಡಿಸಿಟ್ಟ ಫೈಲು ತೆಗೆದು, ನೋಡು ನನ್ನದೇನೂ ತಪ್ಪಿರಲಿಲ್ಲ ಎಂದು ತೋರಿಸುವ ಆಸೆ ಸಹಜ. ತೋರಿಸಬೇಡಿ. ಮಗ ಕೇಳಿದರೆ ಕೇಳಿದಷ್ಟಕ್ಕೆ ಉತ್ತರಿಸಿ, ಹಳೆಯ ಪತ್ರ ಬೇಕೆಂದರೆ ಕೊಡಿ, ಇನ್ನೊಬ್ಬರನ್ನು ಅವನ ಬಾಯಿಂದ ಬೈಸಬೇಡಿ. ಧಾರೆಗೆ ಅಪ್ಪ ಅಮ್ಮ ಇಬ್ಬರೂ ಬೇಕು ಎಂದು ಮಗಳು ಹೇಳಿದರೆ, ಮಂಟಪದಲ್ಲಿ ಯಾರು ಎಲ್ಲಿ ಕೂರಬೇಕು, ಫೋಟೊಗೆ ಯಾರು ಯಾವಾಗ ನಿಲ್ಲಬೇಕು ಎಂಬುದನ್ನು ಅವಳಿಗೆ ಬಿಡದೆ ಹಿರಿಯರಿಬ್ಬರೇ ಮೊದಲೇ ಮಾತಾಡಿ ತೀರ್ಮಾನಿಸಿಕೊಂಡು ಹೋಗಿ.